ಇಪ್ಪತ್ತು ವೋಲ್ಟು

ಬಾ ಧರಣೇಂದ್ರ, ಕೂತ್ಕೋ.
ಅಲ್ಲಲ್ಲ, ಸ್ಟೂಲು ಈ ಕಡೆ ಹಾಕ್ಕೋ.
ಟೀ ಹೇಳಿದ್ದೀನಿ.

ಡಿಕ್ಕಿ ತೆಗೆದಾಗಲೇ ಬಂತು,
ಸೀದ ಅಂಟಿನ ವಾಸನೆ, ಇದು ಮೂರನೇ ಸಲ.
ಊಫರು ಸತ್ತಿದೆ. ಕಂಪನಿಯವರನ್ನು ಬಯ್ಯಬೇಡ,
ಕೊಂದ ಬೆರಳು ನಿನ್ನ ಕೈಯಲ್ಲೇ ಇದೆ.

ಈ ತಿರುಪು ಇದೆಯಲ್ಲ, ಗೇನು,
ಇದನ್ನು ನೀನು ವಾಲ್ಯೂಮ್ ಅಂದ್ಕೊಂಡಿದ್ದೀಯ.
ಹಾಸನಕ್ಕೆ ಹಾಸನವೇ ಹಾಗಂದ್ಕೊಂಡಿದೆ.
ಡ್ಯಾಶ್‌ಬೋರ್ಡಿನ ಪೆಟ್ಟಿಗೆ ಎಷ್ಟು ಕೊಡುತ್ತೋ
ಸೀಟಿನ ಕೆಳಗಿನ ಪೆಟ್ಟಿಗೆ
ಅಷ್ಟಕ್ಕೇ ಬಾಯಿ ತೆರೀಬೇಕು. ಅದಕ್ಕೆ ಇದು.

ಅಲೆ ಅಂದರೆ ಗುಡ್ಡ.
ಏರುತ್ತೆ, ಇಳಿಯುತ್ತೆ, ದುಂಡಗೆ.
ಆಂಪ್ಲಿಗೆ ಶಕ್ತಿ ಮುಗಿದ ಜಾಗದಲ್ಲಿ
ಗುಡ್ಡದ ತಲೆ ಹಾರಿಹೋಗುತ್ತೆ,
ಜೆಸಿಬಿ ತಂದು ಸೈಟು ಮಾಡ್ತಾರಲ್ಲ, ಹಾಗೆ
ಮಟ್ಟಸ.
ಹೊರಗೆ ಕೂತೋರಿಗೆ ಅದೇ ಜೋರು, ಅದೇ ಖುಷಿ.
ಒಳಗೆ ತಂತಿಸುರುಳಿ ಕೂತಲ್ಲೇ ಕಾದು ಕಾದು
ಕೆಂಪಾಗುತ್ತೆ.

ನಮ್ಮ ಬಷೀರಣ್ಣ ಕಿವಿಯಲ್ಲೇ ಹಿಡೀತಿದ್ದರು.
ಹೊಸ ಬಸ್‌ಸ್ಟ್ಯಾಂಡ್ ಆಗಿರದ ಕಾಲ.
ನಾನು ವ್ಯಾನಿನ ಹಿಂದೆ, ಪೆಟ್ಟಿಗೆಗೆ ಕೆನ್ನೆ ಒತ್ತಿ ಕೂರೋದು,
ಅವರು ಮುಂದಿನಿಂದ ಕೂಗೋದು:
ಒಡೀತಾ?
ಇಲ್ಲಣ್ಣ.
ಇನ್ನೊಂಚೂರು. ಈಗ ಒಡೀತಾ?
ಇಲ್ಲಣ್ಣ.
ಹನ್ನೊಂದು ವರ್ಷ ಇಲ್ಲಣ್ಣ ಅಂದೆ.
ಒಂದಿನ ಒಡೆದಿತ್ತು. ಅವರಿಗೆ ಅಷ್ಟು ದೂರಕ್ಕೂ ಕೇಳಿತು.
ನಾನು ಇಲ್ಲಣ್ಣ ಅಂದೆ.
ಅವತ್ತೇ ಸಂಜೆ ಹೋಗಿ ಈ ಮೀಟರು ತಂದುಕೊಟ್ಟರು,
ಇದೇ, ಹಳದೀದು.
ಏನೂ ಹೇಳಲಿಲ್ಲ. ಸಂಬಳದಲ್ಲಿ ಹಿಡಕೊಳ್ಳಲೂ ಇಲ್ಲ.

ಸರಿ, ಕೆಲಸ.
ಸ್ಪೀಕರಿನ ವೈರು ಬಿಚ್ಚು, ಅದಕ್ಕೀಗ ರಜ.
ಬಾಸ್ ಬೂಸ್ಟು ಸೊನ್ನೆ. ಗೇನು ಪೂರ್ತಿ ಹಿಂದಕ್ಕೆ.
ವಾಲ್ಯೂಮ್ ನಲವತ್ತಕ್ಕೆ ಮೂವತ್ತು.
ಆಮೇಲಿನ ಹತ್ತು ನಿನ್ನದಲ್ಲ, ಮರೆತುಬಿಡು.
ಪೆನ್‌ಡ್ರೈವಲ್ಲಿ ಹಾಡಿಲ್ಲ, ಒಂದೇ ಸ್ವರ,
ಐವತ್ತು ಹರ್ಟ್ಸ್. ಮನೆಗೆ ಬರೋ ಕರೆಂಟೂ
ಇದೇ ಲೆಕ್ಕದಲ್ಲಿ ನಡುಗೋದು, ಗೊತ್ತಾ?

ಊಫರು ನೂರು ವಾಟು, ನಾಲ್ಕು ಓಮು.
ಗುಣಿಸು, ನಾನೂರು. ವರ್ಗಮೂಲ ಇಪ್ಪತ್ತು.
ಎಂಟನೇ ಕ್ಲಾಸಲ್ಲಿ ಇದಕ್ಕೇ ಬೆತ್ತ ತಿಂದು
ಸ್ಕೂಲು ಬಿಟ್ಟೋನು ನಾನು.
ಈಗ ದಿನಾ ವರ್ಗಮೂಲದ್ದೇ ಅನ್ನ.

ತಿರುಗಿಸ್ತೀನಿ. ನೀನು ಮೀಟರು ನೋಡಿ ಹೇಳ್ತಾ ಹೋಗು.
ಒಂಬತ್ತು. ಹದಿಮೂರು.
ತಡಿ, ಬಿ.ಎಂ. ರೋಡಿನ ಆ ಲಾರಿ ಹೋಗಲಿ.
ಹದಿನೇಳೂವರೆ.
ಇನ್ನು ಹಾಲು ಉಕ್ಕೋ ಹೊತ್ತು, ಉಸಿರು ಹಿಡಕೋ.
ಹತ್ತೊಂಬತ್ತು ಪಾಯಿಂಟ್ ಎಂಟು.
ಸಾಕು.

ಯಾಕೆ, ಮುಖ ಸಣ್ಣಗಾಯಿತು?
ತಿರುಪು ಅರ್ಧಕ್ಕೂ ಬಂದಿಲ್ಲ ಅಂತಲಾ?
ಟ್ಯಾಂಕು ಫುಲ್ ಮಾಡಿಸಿದರೆ
ಬೇಲೂರು ಹತ್ತಿರ ಬರುತ್ತೇನಯ್ಯ?

ಆ ಡ್ರಾಯರಲ್ಲಿ ಮಗಳ ನೇಲ್ ಪಾಲಿಶ್ ಇದೆ, ಕೊಡು.
ತಿರುಪಿನ ಮೇಲೊಂದು ಚುಕ್ಕಿ,
ಅದರೆದುರು ಪೆಟ್ಟಿಗೆ ಮೇಲೊಂದು.
ಒಂದನ್ನೊಂದು ನೋಡ್ಕೊಂಡಿರಬೇಕು ಇವು.
ಮುಖ ತಿರುಗಿಸಿದ್ದು ಕಂಡರೆ ಬಾಗಿಲಿಗೆ ಸೇರಿಸಲ್ಲ ನಿನ್ನ.
ಗಾಡಿಯಲ್ಲಿ ಸ್ಕ್ರೂಡ್ರೈವರ್ ಇದ್ದರೆ ಇಲ್ಲೇ ಇಟ್ಟುಹೋಗು.

ಹೊಸ ಊಫರಿಗೆ ವೈರು ಕೊಟ್ಟಾಯ್ತು.
ಹಾಡು ಹಾಕು, ಯಾವುದಾದರೂ.
ನಾನು ಕೋನಿನ ಮೇಲೆ ಅಂಗೈ ಇಡ್ತೀನಿ.
ಹ್ಞಾಂ, ಬಂತು.
ಮಲಗಿದ ಕರುವಿನ ಹೊಟ್ಟೆ ಹಾಗೆ,
ಮೆತ್ತಗೆ ಏಳುತ್ತೆ, ಕೂರುತ್ತೆ.

ಒಡೀತಾ? ನೀನೇ ಹೇಳಬೇಕು.

ಏನಂದೆ?
ಬಾಯಿ ಅಲುಗಿದ್ದು ಕಂಡಿತು.
ಸ್ಟೂಲು ಬಿಟ್ಟು ಎಲ್ಲಿಗೆ ಹೋದೆ ಮತ್ತೆ,
ಈ ಕಡೆ ಬಂದು ಹೇಳು.